ತಪ್ಪು ಮಾಡದವರಿಗೆ ಫೋನ್ ಕದ್ದಾಲಿಕೆಯ ಭಯ ಯಾಕೆ?

ಉಗ್ರರನ್ನು, ಡ್ರಗ್ಸ್ ಮಾರುವವರನ್ನು ಹಿಡಿಯಲು ಸರ್ಕಾರ ಫೋನ್ ಕೇಳಲೇಬೇಕಲ್ವಾ, ತಪ್ಪು ಮಾಡದವರಿಗೆ ಭಯ ಯಾಕೆ, ನಮ್ಮ ಫೋನ್ ಕೇಳಿದರೆ ನಮಗೆ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ನಾನು ಜಿಲ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಕೆಲವೊಮ್ಮೆ ಕೇಳಲೇಬೇಕಾಗುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಭಯದ ಮಾತಿಗೆ ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನನ್ನ ಕಕ್ಷಿದಾರರೊಬ್ಬರ ಚಾರ್ಜ್‌ಶೀಟ್ ಜೊತೆ ಅವರ ಫೋನ್ ಮಾತುಕತೆಯನ್ನೂ ಬರೆದು ಕೊಟ್ಟಿದ್ದರು. ಕೇಸಿಗೆ ಬೇಕಾಗಿದ್ದದ್ದು ನಾಲ್ಕೈದು ಕರೆ. ಉಳಿದವುಗಳ ನಡುವೆ ಅವರ ತಂಗಿ ರಾತ್ರಿ ಫೋನ್ ಮಾಡಿ, ಈ ಸಲವೂ ಗರ್ಭ ನಿಲ್ಲಲಿಲ್ಲ ಎಂದು ಅತ್ತ ಮಾತೂ ಇತ್ತು. ಸಾಲು ಸಾಲಾಗಿ ಟೈಪ್ ಆಗಿತ್ತು. ಆಕೆ ಆರೋಪಿಯಲ್ಲ, ಸಾಕ್ಷಿಯೂ ಅಲ್ಲ. ಅಣ್ಣನಿಗೆ ಫೋನ್ ಮಾಡಿದ್ದಷ್ಟೇ. ಆ ಹಾಳೆಗಳನ್ನು ಪೊಲೀಸರು ಓದಿದ್ದರು, ಸರ್ಕಾರಿ ವಕೀಲರು ಓದಿದ್ದರು, ನಾನೂ ಓದಿದೆ. ಆಕೆಗೆ ಮಾತ್ರ ಏನೂ ಗೊತ್ತಿರಲಿಲ್ಲ. ತಪ್ಪು ಮಾಡದವರು ಎಂದಾಗ ನನಗೆ ನೆನಪಾಗುವುದು ಆಕೆ.

ಈಗ ಕಾನೂನಿನ ವಿಷಯ. ನಿಮ್ಮನ್ನು ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆದರೆ ತಿಂಗಳುಗಟ್ಟಲೆ ನಿಮ್ಮ ಫೋನ್ ಕೇಳಲು ಯಾವ ನ್ಯಾಯಾಧೀಶರ ಹತ್ತಿರವೂ ಹೋಗಬೇಕಿಲ್ಲ. ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಸಹಿ ಹಾಕಿದರೆ ಸಾಕು. ಒಂದು ಆದೇಶಕ್ಕೆ 60 ದಿನ, ಮುಂದುವರಿಸುತ್ತಾ ಹೋದರೆ ಒಟ್ಟು 180 ದಿನ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ್ದ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಕಾವಲು ಕಟ್ಟಿತು. ಅದೇ ಪರಿಶೀಲನಾ ಸಮಿತಿ. ಅಲ್ಲಿ ಕೂರುವವರೂ ಅಧಿಕಾರಿಗಳೇ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಜೊತೆಗೆ ಇನ್ನೊಬ್ಬ ಕಾರ್ಯದರ್ಶಿ. 1885ರ ಟೆಲಿಗ್ರಾಫ್ ಕಾಯ್ದೆ ಹೋಗಿ 2023ರ ದೂರಸಂಪರ್ಕ ಕಾಯ್ದೆ ಬಂದರೂ ಈ ಪದ್ಧತಿ ಬದಲಾಗಿಲ್ಲ.

ಸಮಿತಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ನೋಡಿ. ಡೇಟಾ ರಕ್ಷಣೆ ಕಾನೂನಿನ ಬಗ್ಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಹೇಳಿದ ಪ್ರಕಾರ, ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಪರಿಶೀಲನಾ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶ ನೋಡಬೇಕಿತ್ತು. ಊಟಕ್ಕೂ ಏಳದೆ 8 ಗಂಟೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡೂ ಸಿಗುವುದಿಲ್ಲ. ಹೆಸರು ಓದುವಷ್ಟರಲ್ಲಿ ಮುಗಿಯಿತು!

ಗೌಪ್ಯತೆ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಅಷ್ಟೆಲ್ಲ ಆದರೂ ಫೋನ್ ಕೇಳುವ ಆದೇಶ ಇವತ್ತಿಗೂ ನ್ಯಾಯಾಧೀಶರ ಮೇಜಿಗೆ ಬರುವುದಿಲ್ಲ. ಇದು ನನಗೆ ತುಂಬಾ ನೋವಿನ ಸಂಗತಿ.

ಪ್ರತಿಯೊಂದಕ್ಕೂ ಕೋರ್ಟಿಗೆ ಹೋದರೆ ಅಷ್ಟರಲ್ಲಿ ಬಾಂಬ್ ಸಿಡಿದಿರುತ್ತದೆ ಎನ್ನುವವರಿದ್ದಾರೆ. ಬ್ರಿಟನ್‌ನಲ್ಲಿ 2016ರ ಕಾಯ್ದೆ ಇದಕ್ಕೆ ದಾರಿ ಮಾಡಿದೆ. ಮಂತ್ರಿ ಸಹಿ ಹಾಕಿದರೂ, ಉನ್ನತ ನ್ಯಾಯಾಲಯದಲ್ಲಿ ಕೆಲಸ ಮಾಡಿದ ನ್ಯಾಯಿಕ ಆಯುಕ್ತರು ಒಪ್ಪುವವರೆಗೆ ಆದೇಶ ಜಾರಿಯಾಗುವುದಿಲ್ಲ. ತೀರಾ ತುರ್ತಾದರೆ ಮೊದಲು ಫೋನ್ ಕದ್ದಾಲಿಸಬಹುದು, ಆದರೆ ಮೂರು ಕೆಲಸದ ದಿನದೊಳಗೆ ಒಪ್ಪಿಗೆ ಬರಬೇಕು. ನನಗೆ ಬೇಕಾದ ಬದಲಾವಣೆ ಇದೇ. ಅಧಿಕಾರ ಇರಲಿ, ಆದರೆ ಫೋನ್ ಕದ್ದಾಲಿಸುವವರೂ ಅನುಮತಿ ಕೊಡುವವರೂ ಒಂದೇ ಮನೆಯವರಾಗಬಾರದು. ಯಾವ ಪಕ್ಷದ ಸರ್ಕಾರಕ್ಕಾದರೂ ಇದೇ ಮಾತು. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆ ಆರೋಪಕ್ಕೇ. ರಾಜಕಾರಣಿಗಳ ಫೋನ್ ಆದರೆ ಸದ್ದಾಗುತ್ತದೆ. ನಿಮ್ಮದು, ನನ್ನದು ಆದರೆ?

ಗೊತ್ತಾಗುತ್ತದಾ ಎಂಬ ಪ್ರಶ್ನೆಗೆ ಉತ್ತರ: ಸಾಮಾನ್ಯವಾಗಿ ಇಲ್ಲ. ಅಮೆರಿಕದಲ್ಲಿ ಅಪರಾಧ ತನಿಖೆಗಾಗಿ ಫೋನ್ ಕೇಳಿದ್ದರೆ, ಮುಗಿದ 90 ದಿನದೊಳಗೆ ಆ ವ್ಯಕ್ತಿಗೆ ತಿಳಿಸಬೇಕು. ಕಾರಣ ಇದ್ದರೆ ನ್ಯಾಯಾಧೀಶರು ಮುಂದೂಡಬಹುದು. ನಮ್ಮಲ್ಲಿ ಹಾಗೆ ತಿಳಿಸುವ ನಿಯಮವೇ ಇಲ್ಲ. ಚಾರ್ಜ್‌ಶೀಟ್ ಬಂದರಷ್ಟೇ ಗೊತ್ತು.

ಹಾಗೆ ಬಂದರೆ ಸುಮ್ನೆ ಕೂರಬೇಡಿ. ಮೂಲ ಆದೇಶದ ಪ್ರತಿ ಕೇಳಿ. ಯಾರು ಸಹಿ ಹಾಕಿದ್ದಾರೆ, ಯಾವ ತಾರೀಖು, ಏನು ಕಾರಣ, ಸಮಿತಿ ಮುಂದೆ ಹೋಗಿತ್ತಾ ಎಂದು ವಕೀಲರ ಜೊತೆ ಕೂತು ನೋಡಿ. 2019ರಲ್ಲಿ ಬಾಂಬೆ ಹೈಕೋರ್ಟ್ ಒಂದು ಲಂಚದ ಕೇಸಿನಲ್ಲಿ ಇಂಥ ಮೂರು ಆದೇಶಗಳನ್ನು ರದ್ದು ಮಾಡಿ, ರೆಕಾರ್ಡ್ ಮಾಡಿದ್ದನ್ನು ನಾಶ ಮಾಡಿ ಎಂದಿತ್ತು. ಕಾನೂನು ಹೇಳುವ ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಅಲ್ಲಿ ಇರಲಿಲ್ಲ. ಆ ತೀರ್ಪನ್ನು ವಕೀಲರಿಗೆ ನೆನಪಿಸಿ.