ಯುದ್ಧಕಾಲದ ಚಿತ್ರಗಳಲ್ಲಿ ಸೇನಾಧಿಕಾರಿಗಳು ಅಷ್ಟು ಭಯ ಹುಟ್ಟಿಸುವಂತೆ ಕಾಣುವುದೇಕೆ?

ಎರಡನೇ ಮಹಾಯುದ್ಧದ ಫೋಟೋಗಳಲ್ಲಿ ಸೇನೆಯ ಹಿರಿಯ ಅಧಿಕಾರಿಗಳು, ಅದರಲ್ಲೂ ಜರ್ಮನ್ ಜನರಲ್‌ಗಳು, ನೋಡಿದರೇ ಎದೆ ನಡುಗುವಂತೆ ಕಾಣುತ್ತಾರೆ, ಅವರು ನಿಜಕ್ಕೂ ಹಾಗೆಯೇ ಇದ್ದರೇ ಎಂದು ತಾವು ಕೇಳಿದ್ದೀರಿ. ನಾನು ಬಹಳ ವರ್ಷಗಳಿಂದ ಸ್ಟುಡಿಯೊದಲ್ಲಿ ಜನರ ಭಾವಚಿತ್ರ ತೆಗೆಯುತ್ತಿರುವವನು. ಆ ಅನುಭವದಿಂದ ಹೇಳುವುದಾದರೆ, ಆ ಭಯದ ಬಹುಪಾಲು ಇರುವುದು ಮುಖದಲ್ಲಲ್ಲ. ಉಡುಪಿನಲ್ಲಿ, ಬೆಳಕಿನಲ್ಲಿ ಮತ್ತು ಯಾವ ಚಿತ್ರ ಹೊರಗೆ ಬರಬೇಕೆಂದು ತೀರ್ಮಾನಿಸಿದವರ ಕೈಯಲ್ಲಿ.

ಮೊದಲು ಟೋಪಿಯನ್ನೇ ನೋಡಿ. ಜರ್ಮನ್ ಅಧಿಕಾರಿಗಳ ಟೋಪಿಯ ಮುಂಭಾಗ ಎತ್ತರವಾಗಿ ಎದ್ದು ನಿಂತಿರುವುದರಿಂದ ಆಳು ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತಾನೆ. ಅದರ ಹೊಳೆಯುವ ಕಪ್ಪು ಅಂಚು ಹಣೆಯ ಮೇಲೆ ಚಾಚಿಕೊಂಡು, ಬಿಸಿಲು ಮೇಲಿನಿಂದ ಬಿದ್ದಾಗ ಎರಡೂ ಕಣ್ಣುಗಳನ್ನು ನೆರಳಿನಲ್ಲಿ ಮುಳುಗಿಸುತ್ತದೆ. ಕಣ್ಣು ಕಾಣದ ಮನುಷ್ಯನ ಮನಸ್ಸಿನಲ್ಲೇನಿದೆ ಎಂಬುದು ತಿಳಿಯುವುದಿಲ್ಲ, ತಿಳಿಯದಿದ್ದಾಗ ಅಳುಕು ತಾನಾಗಿಯೇ ಹುಟ್ಟುತ್ತದೆ. ಟೋಪಿ ಹಾಕಿಕೊಂಡು ಬಂದವರಿಗೆ ಗದ್ದ ಸ್ವಲ್ಪ ಎತ್ತಿ ಎಂದು ನಾವು ಹೇಳುವುದೂ, ಎದೆಯ ಕೆಳಗೆ ಬಿಳಿ ಥರ್ಮೊಕೋಲ್ ಹಾಳೆ ಹಿಡಿದು ಮುಖಕ್ಕೆ ಬೆಳಕು ತಿರುಗಿಸುವುದೂ ಇದೇ ಕಾರಣಕ್ಕೆ. ಬಿಗಿಯಾದ ಕಾಲರ್ ಕತ್ತನ್ನು ಸಡಿಲವಾಗಿ ಬಾಗಲು ಬಿಡುವುದಿಲ್ಲ, ಹಾಗಾಗಿ ಸುಮ್ಮನೆ ನಿಂತವರೂ ಸೆಟೆದು ನಿಂತಂತೆ ಕಾಣುತ್ತಾರೆ. ಇದರ ಜೊತೆಗೆ ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ರೋಲಿಫ್ಲೆಕ್ಸ್‌ನಂತಹ ಕ್ಯಾಮೆರಾಗಳನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಬಗ್ಗಿ ನೋಡಿ ಚಿತ್ರ ತೆಗೆಯಬೇಕಾಗಿತ್ತು. ಛಾಯಾಗ್ರಾಹಕ ಬೇಕೆಂದು ಮಾಡದಿದ್ದರೂ ನಿಂತವರ ಚಿತ್ರ ಕೆಳಗಿನಿಂದ ತಲೆಯೆತ್ತಿ ನೋಡಿದಂತೆಯೇ ಬರುತ್ತಿತ್ತು.

ಕಪ್ಪು-ಬಿಳುಪು ಫಿಲ್ಮ್ ಮಾಡಿದ ಕೆಲಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಜರ್ಮನ್ ಜನರಲ್‌ಗಳ ಕಾಲರ್ ಪಟ್ಟಿ ಕೆಂಪು ಬಣ್ಣದ್ದು, ಅದರ ಮೇಲೆ ಚಿನ್ನದ ಬಣ್ಣದ ಕಸೂತಿ. ಪ್ಯಾಂಟಿನ ಎರಡು ಬದಿಗೂ ಅಗಲವಾದ ಕೆಂಪು ಪಟ್ಟೆಗಳು. ಎದುರಿಗೆ ನಿಂತು ನೋಡಿದವರಿಗೆ ಅದು ಮೆರವಣಿಗೆಯ ಬ್ಯಾಂಡಿನವರ ಉಡುಪಿನಷ್ಟು ಝಗಮಗವಾಗಿ ಕಂಡಿರಬೇಕು. ಫಿಲ್ಮಿನಲ್ಲಿ ಆ ಬಣ್ಣವೆಲ್ಲ ಸೋರಿಹೋಗಿ ಬರೀ ಬೂದು ಮತ್ತು ಕಪ್ಪು ಉಳಿಯಿತು.

ಕೆಲವರು ಭಯ ಹುಟ್ಟಿಸಬೇಕೆಂದೇ ಮುಖವನ್ನು ತಿದ್ದಿಕೊಂಡರು ಎಂಬುದೂ ನಿಜ. ಅಮೆರಿಕದ ಜನರಲ್ ಪ್ಯಾಟನ್ ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡಿದ್ದರು. ಆದರೆ ಅವರ ಧ್ವನಿ ಮಾತ್ರ ತೆಳ್ಳಗೆ ಕೀರಲಾಗಿತ್ತು, ಅದು ಯಾವ ಫೋಟೋದಲ್ಲೂ ಕೇಳಿಸುವುದಿಲ್ಲ. ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ ಅಧಿಕಾರಿ ಸ್ಕೊರ್ಜೆನಿಯ ಎಡಗೆನ್ನೆಯ ದೊಡ್ಡ ಗಾಯದ ಗುರುತನ್ನು ನೋಡಿದವರು ಅದನ್ನು ರಣರಂಗದಲ್ಲಿ ಆದದ್ದೆಂದು ಭಾವಿಸುತ್ತಾರೆ. ಅದು ವಿಯೆನ್ನಾದಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿ ಸಂಘಗಳ ಕತ್ತಿವರಸೆಯ ಪಂದ್ಯದಲ್ಲಿ ಆದ ಗಾಯ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಆಯ್ಕೆ. ಜರ್ಮನ್ ಸೇನೆಯೊಳಗೆ ಪ್ರಚಾರಕ್ಕೆಂದೇ ಛಾಯಾಗ್ರಾಹಕರ ತುಕಡಿಗಳಿದ್ದವು. ಅವರು ತೆಗೆದ ಚಿತ್ರಗಳು ಸೆನ್ಸಾರ್ ದಾಟಿದ ಮೇಲಷ್ಟೇ ಪತ್ರಿಕೆಗಳಿಗೆ ಹೋಗುತ್ತಿದ್ದವು. ಆಕಳಿಸಿದ, ಬೆವರು ಒರೆಸಿಕೊಂಡ, ನಕ್ಕ ಜನರಲ್ ಯಾರಿಗೆ ಬೇಕಿತ್ತು? ಪ್ರಚಾರದ ಒತ್ತಾಯವಿಲ್ಲದ ಕಡೆಯಲ್ಲೂ ಹೀಗೇ ಆಗುತ್ತದೆ. 1941ರ ಡಿಸೆಂಬರ್ 30ರಂದು ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಎಂಬ ಛಾಯಾಗ್ರಾಹಕರು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅವರ ಬಾಯಿಂದ ಚುಟ್ಟಾವನ್ನು ಕಿತ್ತುಕೊಂಡು, ಅವರು ಸಿಟ್ಟಿನಿಂದ ದುರುಗುಟ್ಟಿದ ಕ್ಷಣವನ್ನು ಹಿಡಿದರು. ಚರ್ಚಿಲ್ ಅಧಿಕಾರದಲ್ಲಿದ್ದ ರಾಜಕಾರಣಿಯೇ ಹೊರತು ಸೇನಾಧಿಕಾರಿಯಲ್ಲ, ಆದರೂ ಈ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಅದರ ಬೆನ್ನಿಗೇ ತೆಗೆದ ಇನ್ನೊಂದು ಚಿತ್ರದಲ್ಲಿ ಅವರು ನಗುತ್ತಿದ್ದಾರೆ. ಜಗತ್ತು ಇಟ್ಟುಕೊಂಡದ್ದು ಮೊದಲಿನದನ್ನು.

ಹಾಗೆಂದು ಎಲ್ಲ ಸೇನಾಪತಿಗಳೂ ಹಾಗೆ ಕಾಣುವುದಿಲ್ಲ. ಅಮೆರಿಕದ ಜನರಲ್ ಐಸೆನ್‌ಹೋವರ್ ಹಲವು ಚಿತ್ರಗಳಲ್ಲಿ ಬಾಯ್ತುಂಬ ನಗುತ್ತಾರೆ, ಬ್ರಿಟನ್ನಿನ ಮಾಂಟ್‌ಗೊಮರಿ ಸ್ವೆಟರ್ ಹಾಕಿಕೊಂಡೇ ಓಡಾಡಿದರು. ಲಕ್ಷಾಂತರ ಜನರ ಸಾವಿಗೆ ಕಾರಣನಾದ ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ದುಂಡು ಕನ್ನಡಕದಲ್ಲಿ ಯಾವುದೋ ಕಚೇರಿಯ ಗುಮಾಸ್ತನಂತಿದ್ದ. ಮುಖ ನೋಡಿ ಕ್ರೌರ್ಯವನ್ನು ಅಳೆಯಲು ಹೊರಟವರು ಇಂಥವರನ್ನು ಗುರುತಿಸದೇ ಬಿಟ್ಟುಬಿಡುತ್ತಾರೆ ಎಂಬುದೇ ನನ್ನನ್ನು ಹೆಚ್ಚು ಕಾಡುವ ವಿಷಯ.

ತಮಗೆ ಸಮಯವಿದ್ದರೆ ಜರ್ಮನಿಯ ಫೀಲ್ಡ್ ಮಾರ್ಷಲ್ ಕೈಟೆಲ್‌ನ ಎರಡು ಚಿತ್ರಗಳನ್ನು ಹುಡುಕಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು, 1945ರ ಮೇ 8ರ ರಾತ್ರಿ ಬರ್ಲಿನ್‌ನಲ್ಲಿ ಶರಣಾಗತಿಗೆ ಸಹಿ ಹಾಕಲು ಬಂದು ಮಾರ್ಷಲ್ ದಂಡವನ್ನು ಎತ್ತಿ ವಂದಿಸುತ್ತಿರುವುದು. ಸೋತು ಬಂದವನೆಂದು ಅದನ್ನು ನೋಡಿದ ಯಾರೂ ಹೇಳಲಾರರು. ಇನ್ನೊಂದು, ಕೆಲವೇ ತಿಂಗಳ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್ ನ್ಯಾಯಾಲಯದ್ದು. ಅದೇ ಮನುಷ್ಯ, ಪದಕ ಮತ್ತು ಪಟ್ಟಿಗಳನ್ನೆಲ್ಲ ತೆಗೆದುಹಾಕಿದ ಬರೀ ಸೇನಾ ಕೋಟು, ಅನುವಾದ ಕೇಳಲು ಕಿವಿಗೆ ಹೆಡ್‌ಫೋನ್. ಆಕ್ರಮಿತ ದೇಶಗಳ ಜನರನ್ನು ಮನೆಯವರಿಗೂ ಸುಳಿವು ಕೊಡದೆ ರಾತ್ರೋರಾತ್ರಿ ಕಣ್ಮರೆ ಮಾಡುವ ಆದೇಶವನ್ನು 1941ರ ಡಿಸೆಂಬರ್‌ನಲ್ಲಿ ಹೊರಡಿಸಿದವನು ಇವನೇ. ಆದರೆ ಆ ಎರಡನೇ ಚಿತ್ರದಲ್ಲಿ ಕಾಣುವುದು, ಸರದಿಗಾಗಿ ಕಾಯುತ್ತ ಕುಳಿತಂತಿರುವ ಬಿಳಿಮೀಸೆಯ ಒಬ್ಬ ವಯಸ್ಸಾದ ಮನುಷ್ಯ.