ಅಣ್ಣನ್ನ ಕೂರಿಸಿ ಹುಡುಗನ್ನ ಆಡಿಸೋದು ಯಾವಾಗ: ಒಬ್ಬ ಹಾಕಿ ಕೋಚ್‌ನ ಪ್ರಕರಣ

ನಾನು ಕೌನ್ಸೆಲರ್, ಇದು ನನ್ನತ್ರ ಬಂದ ಒಬ್ಬ ಕೋಚ್ ಕಥೆ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಹೆಸರು, ತಂಡ ಹೇಳಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ.

ಬಂದವರು 34 ವರ್ಷದ ಹಾಕಿ ಕೋಚ್. ಮೊಣಕಾಲು ಕೈಕೊಟ್ಟು ಆಟ ಬೇಗ ಬಿಟ್ಟೋರು, ಈಗ ಸಂಬಳಕ್ಕೆ ಆಡೋ ಆಟಗಾರರ ಒಂದು ತಂಡ ನೋಡ್ಕೋತಾರೆ. ಊರು ರಾಯಚೂರು ಜಿಲ್ಲೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರೋ ಒಂದು ಹಳ್ಳಿ. ಸೀಸನ್ ಮಧ್ಯೆ ರಜಾ ಸಿಕ್ಕಿ ಊರಿಗೆ ಬಂದಾಗ ಅವರ ಮನೆಯವರೇ ಹಟ ಹಿಡಿದು ಬಳ್ಳಾರಿಗೆ ನನ್ನತ್ರ ಕರ್ಕೊಂಡು ಬಂದ್ರು. ರಾತ್ರಿ ಮೂರಕ್ಕೆ ಎಚ್ಚರ ಆಗೋದು, ಎದೆ ಉರಿ, ಫೋನ್ ರಿಂಗಾದ್ರೆ ಸಾಕು ಕೈ ಬೆವರೋದು. ಡಾಕ್ಟರು ಇಸಿಜಿ ತೆಗೆದು ಹಾರ್ಟ್ ಸರಿ ಇದೆ ಅಂದಿದ್ರು.

ವಿಷಯ ಏನಂದ್ರೆ ತಂಡದಲ್ಲಿ 36 ವರ್ಷದ ಡಿಫೆಂಡರ್ ಒಬ್ರಿದಾರೆ, ಹಾಸ್ಟೆಲ್ ದಿನದಿಂದ ಇವರು ಅವರನ್ನ ಅಣ್ಣ ಅಂತಾರೆ, ಮೊಣಕಾಲು ಆಪರೇಷನ್ ಆದಾಗ ಆಸ್ಪತ್ರೆಲಿ ರಾತ್ರಿ ಕೂತಿದ್ದೋರು ಅದೇ ಅಣ್ಣ. ಅದೇ ಜಾಗಕ್ಕೆ ಜೂನಿಯರ್ ಕಡೆಯಿಂದ ಬಂದ 19ರ ಹುಡುಗ ಇದಾನೆ. ಹಾಕಿಲಿ ಈಗ 15 ನಿಮಿಷದ ನಾಲ್ಕು ಕ್ವಾರ್ಟರ್, ಆಟಗಾರರನ್ನ ಎಷ್ಟು ಸಲ ಬೇಕಾದ್ರೂ ಒಳಗೆ ಹೊರಗೆ ಮಾಡಬಹುದು, ಹಾಗಾಗಿ ಯಾರನ್ನೂ ತೆಗೆದೆ ಅಂತ ಹೇಳದೇ ಇಡೀ ಸೀಸನ್ ತಳ್ಳೋಕೆ ಕೋಚ್‌ಗೆ ಸುಲಭ. ಇವರು ಅದನ್ನೇ ಮಾಡ್ತಿದ್ರು. ಮ್ಯಾಚ್ ಆಗ್ಲೇ ಕೈ ಸೇರಿದ್ಮೇಲೋ ಕೈ ಬಿಟ್ಟು ಹೋದ್ಮೇಲೋ ಹುಡುಗನಿಗೆ ಮೂರ್ನಾಲ್ಕು ನಿಮಿಷ, ಅಷ್ಟೆ.

"ನಮ್ಮ ಹೊಲ ಕೊನೆ ಭಾಗದಾಗ ಐತ್ರಿ ಮೇಡಂ, ಮ್ಯಾಲಿನೋರು ತೂಬು ಮುಚ್ಚಲಿಲ್ಲಂದ್ರ ನಮ್ಮ ಭತ್ತಕ್ಕ ನೀರ ಬರಂಗಿಲ್ಲ. ಬೆಂಚ್ ಮ್ಯಾಲ ಆ ಹುಡುಗ ಕುಂತದ್ದು ನೋಡಿದ್ರ ನಮ್ಮಪ್ಪ ಬದುವಿನ ಮ್ಯಾಲ ಕುಂತಂಗ ಅನಸ್ತದ" ಅಂದ್ರು. ಹೇಳ್ತಾ ಹೇಳ್ತಾ ಅತ್ರು. ನಾನು ಸುಮ್ಮನೆ ಕೂತೆ, ಅಳು ಬಂದಾಗ ಮಾತು ತುಂಬಬಾರ್ದು.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ. ಇಬ್ಬರ ಮುಖನೂ ಗೊತ್ತಿಲ್ಲ, ಬರೀ ಜರ್ಸಿ ನಂಬರ್ ಹಾಕಿದ ವಿಡಿಯೊ ಅಷ್ಟೇ ಕೊಟ್ರೆ ಯಾರನ್ನ ಆಡಿಸ್ತೀರಿ? ಒಂದು ಕ್ಷಣನೂ ತಡ ಮಾಡ್ಲಿಲ್ಲ. "ಹುಡುಗನ್ನರಿ. ಅಣ್ಣ ವಾಪಸ್ ಓಡಿ ಬರೂದ್ರಾಗ ಎದುರಿನೋರು ನಮ್ಮ ಗೋಲ್ ಮುಂದಿನ ಡಿ ಒಳಗ ಇರ್ತಾರ. ಆದ್ರ ಒಂದು ಗೋಲ್ ಮುಂದ ಇದ್ದಾಗ ಕೊನೀ ಐದು ನಿಮಿಷ, ಅವಾಗ ಅಣ್ಣನ ಬೇಕು." ಅಂದ್ರೆ ನಿರ್ಧಾರ ಅವರೊಳಗೆ ಯಾವಾಗಲೋ ಆಗಿತ್ತು, ಅದೂ ಬಹಳ ನ್ಯಾಯವಾದ ನಿರ್ಧಾರ. ಅಣ್ಣನ ಮುಂದೆ ಕೂತು ಅದನ್ನ ಬಾಯಿಬಿಟ್ಟು ಹೇಳೋದೊಂದು ಆಗ್ತಿರಲಿಲ್ಲ, ನಿದ್ದೆ ತಿಂತಿದ್ದಿದ್ದು ಅದೇ.

ಒಪ್ಪಿಕೊಳ್ಳೋಕೆ ಅವರಿಗೆ ಕಷ್ಟ ಆಯ್ತು. ವಾದ ಮಾಡಿದ್ರು, ದೊಡ್ಡ ದೊಡ್ಡ ಲೀಗ್‌ನವರೇ ಹುಡುಗರನ್ನ ಕಾಯಿಸ್ತಾರೆ, ಅಮೆರಿಕ ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ನೋಡ್ರಿ ಅಂದ್ರು. ಆಟ ಬೇರೆನೇ ಆದ್ರೂ ಕೋಚಿಂಗ್ ಓದೋಕೆ ಅಂತ ಅದನ್ನೂ ಫಾಲೋ ಮಾಡ್ತಾರೆ. ಸರಿ ವಿವರಿಸಿ ಅಂದೆ. ಅಲ್ಲಿ ಹಳೇ ಆಟಗಾರನ್ನ ಕೆಳಗಿನ ಲೀಗಿಗೆ ಕಳಿಸಬೇಕಂದ್ರೆ ಮೊದ್ಲು ವೇವರ್ಸ್ ಅಂತ ಬೇರೆ ಎಲ್ಲ ತಂಡಗಳ ಮುಂದೆ ಇಡಬೇಕು, ಬೇಕಾದ ತಂಡ ಅವನನ್ನ ತಗೊಂಡು ಹೋಗ್ಬಹುದು, ಆದ್ರೆ ಹೊಸ ಹುಡುಗರಿಗೆ ಶುರುವಿನ ಕೆಲವು ವರ್ಷ ಆ ನಿಯಮ ಇಲ್ಲ. ಹಾಗಾಗಿ ಇಬ್ಬರೂ ಸರಿಸಮ ಇದ್ರೆ ಕೆಳಗೆ ಹೋಗೋದು ಹುಡುಗನೇ, ಯಾಕಂದ್ರೆ ಅವನನ್ನ ಕಳಿಸಿದ್ರೆ ತಂಡ ಏನೂ ಕಳ್ಕೊಳಲ್ಲ. ನಾನು ಕೇಳಿದೆ, ನಿಮ್ಮ ತಂಡದಲ್ಲಿ ವೇವರ್ಸ್ ಇಲ್ವಲ್ಲ, ಮತ್ತೆ ನೀವ್ಯಾಕೆ ಹುಡುಗನ್ನೇ ಕೂರಿಸ್ತಿದೀರಿ? ತುಂಬಾ ಹೊತ್ತು ಯೋಚಿಸಿ ಹೇಳಿದ್ರು: "ಅಂವ ಏನೂ ಮಾತಾಡಂಗಿಲ್ಲರಿ." ಮಾತಾಡದವನನ್ನ ಕಾಯಿಸೋದು ಸುಲಭ. ಮನೆಲಿ, ಆಫೀಸಲ್ಲಿ, ಎಲ್ಲಾ ಕಡೆ ಇದನ್ನ ನೋಡ್ತೀನಿ ನಾನು, ಆ ಮಾತಾಡದ ಮಕ್ಕಳೇ ನಾಲ್ಕು ವರ್ಷ ಬಿಟ್ಟು ನನ್ನ ಮುಂದೆ ಬಂದು ಕೂರ್ತಾರೆ.

ಮುಂದಿನ ಸಲ ಬಂದಾಗ ಪೂರ್ತಿ ಆ ಕಡೆ ವಾಲಿದ್ರು. ಅಣ್ಣನಿಗೆ ಒಂದು ವಾಟ್ಸಾಪ್ ಹಾಕಿ ಲಿಸ್ಟಿಂದ ತೆಗೆದು ಮುಗಿಸಿಬಿಡ್ತೀನಿ ಅಂದ್ರು. ಬೇಡ ಅಂದೆ. ಹುಡುಗ ಅನ್ನೋ ಒಂದೇ ಕಾರಣಕ್ಕೆ ಮೇಲೆ ತರೋದೂ ಅಷ್ಟೇ ತಪ್ಪು. ಅವರೇ ಲೆಕ್ಕ ಹಾಕಿದ್ರು: ಗೋಲ್‌ಕೀಪರ್ ಜಾಗ ಆಗಿದ್ರೆ ನಾನು ಅಣ್ಣನ್ನ ಮುಟ್ತಿರಲಿಲ್ಲ, ಭಾರತದ ಕೀಪರ್ ಶ್ರೀಜೇಶ್ 36ಕ್ಕೆ ಪ್ಯಾರಿಸ್‌ನಲ್ಲಿ 2024ರ ಒಲಿಂಪಿಕ್ಸ್ ಕಂಚು ಗೆಲ್ಲಿಸಿ ಆಟ ಬಿಟ್ರು, ಇನ್ನೊಬ್ಬ ಕೀಪರ್ ಕೃಷನ್ ಪಾಠಕ್ ಅಲ್ಲೂ ರಿಸರ್ವ್ ಆಗಿ ಕಾದ್ರು. ಓಟ ಜಾಸ್ತಿ ಇರೋ ಮಿಡ್‌ಫೀಲ್ಡ್‌ನಲ್ಲಿ ವಿವೇಕ್ ಸಾಗರ್ ಪ್ರಸಾದ್ 2018ರಲ್ಲೇ 17ಕ್ಕೆ ಭಾರತಕ್ಕೆ ಆಡಿದ. ಹೀಗೆ ಜಾಗ ನೋಡಿ, ಆಟ ನೋಡಿ ತೂಗಬೇಕು. ಇನ್ನೊಂದು, ತಂಡಕ್ಕೆ ಸೇರಿಸ್ಕೊಂಡ ಮಾತ್ರಕ್ಕೆ ಬಡ್ತಿ ಆಗಲ್ಲ. 2024ರ ಕೊನೆಲಿ ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ 24 ಜನರ ತಂಡಕ್ಕೆ 4 ಜೂನಿಯರ್‌ಗಳು ಕಡ್ಡಾಯ ಅಂತ ಮಾಡಿದ್ರು, ಒಳ್ಳೇದೇ, ಆದ್ರೆ ಲಿಸ್ಟಲ್ಲಿ ಹೆಸರಿದ್ದು ಟರ್ಫ್ ಮೇಲೆ ನಿಮಿಷ ಸಿಗದಿದ್ರೆ ಹುಡುಗ ಕಲಿಯೋದೇನು? ನಿಮಿಷ ಕೊಡೋ ಮನಸ್ಸಿದ್ರೆ ಮಾತ್ರ ಮೇಲೆ ತನ್ನಿ, ಇಲ್ಲಾಂದ್ರೆ ಅವನು ಜೂನಿಯರ್ ಮ್ಯಾಚ್‌ನಲ್ಲೇ ಪೂರ್ತಿ ಒಂದು ಗಂಟೆ ಆಡ್ಲಿ.

ನಾನು ಕೊಟ್ಟ ಸಲಹೆ ಹೀಗಿತ್ತು.

ಅಣ್ಣನಿಗೆ ಲಿಸ್ಟ್ ಬರೋಕೆ ಮುಂಚೆ, ಅವರ ಮನೆಗೇ ಹೋಗಿ, ಒಬ್ಬರೇ ಹೋಗಿ ಹೇಳಿ. ಮೊದಲ ಎರಡು ವಾಕ್ಯದಲ್ಲೇ ವಿಷಯ ಬರಬೇಕು, ಚಹಾ ಕುಡಿದು ಅರ್ಧ ಗಂಟೆ ಹಳೇ ಕಥೆ ಹೇಳಿ ಕೊನೆಗೆ ಬಾಂಬ್ ಹಾಕಬೇಡಿ. "ರೆಸ್ಟ್ ಕೊಡ್ತಿದೀವಿ" ಅನ್ನೋ ಸುಳ್ಳು ಬೇಡ, ಮ್ಯಾನೇಜ್‌ಮೆಂಟ್ ಮೇಲೂ ಹಾಕಬೇಡಿ. ಸೆಷನ್‌ನಲ್ಲೇ ಪ್ರಾಕ್ಟೀಸ್ ಮಾಡಿಸಿದೆ, ಕೊನೆಗೆ ಅವರ ಬಾಯಲ್ಲಿ ಹಿಂಗೆ ಬಂತು: "ಅಣ್ಣ, ಉಳಿದ ಮ್ಯಾಚಿಗೆ ಶುರುವಿನ ಹನ್ನೊಂದ್ರಾಗ ನೀ ಇರಂಗಿಲ್ಲ. ಇದು ನಂದೇ ನಿರ್ಧಾರ. ಗೋಲ್ ಮುಂದ ಇದ್ದಾಗ ಕೊನೀ ಐದು ನಿಮಿಷಕ್ಕ ನೀ ಬೇಕು." ಅಷ್ಟು ಹೇಳಿ ಸುಮ್ಮನಿರಿ, ಅವರು ಬೈದ್ರೆ ಬೈಸ್ಕೊಳ್ಳಿ, ಆ ಸಿಟ್ಟಿಗೆ ಅವರಿಗೆ ಹಕ್ಕಿದೆ. ಅವತ್ತೇ "ಹುಡುಗನ್ನ ನೀನೇ ತಯಾರು ಮಾಡು" ಅಂತ ಮಾತ್ರ ಕೇಳಬೇಡಿ, ಅದು ಗಾಯದ ಮೇಲೆ ಇನ್ನೊಂದು ಕೆಲಸ ಹೊರಿಸಿದಂಗೆ, ಅವರಾಗೇ ಮುಂದೆ ಬಂದ್ರೆ ಬೇರೆ ಮಾತು. ಭಾರತದ ಡಿಫೆಂಡರ್ ರುಪಿಂದರ್ ಪಾಲ್ ಸಿಂಗ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಕಂಚು ಗೆದ್ದು ಎರಡು ತಿಂಗಳೊಳಗೆ ಕಿರಿಯರಿಗೆ ಜಾಗ ಬಿಡ್ತೀನಿ ಅಂತ ತಾವೇ ನಿವೃತ್ತಿ ಹೇಳಿದ್ರು, ಟೋಕಿಯೊ ತಂಡಕ್ಕೆ ಆಯ್ಕೆಯಾಗದಿದ್ದ ನಮ್ಮ ಕೊಡಗಿನ ಎಸ್.ವಿ. ಸುನಿಲ್ ಮರುದಿನ ತಾವೂ ನಿವೃತ್ತಿ ಹೇಳಿದ್ರು. ಎಲ್ಲರಿಗೂ ಆ ದಿನ ತಾನಾಗೇ ತಿಳಿಯಲ್ಲ. ಇಪ್ಪತ್ತು ವರ್ಷ "ನಾನು ಆಟಗಾರ" ಅಂತಲೇ ಬದುಕಿದ ಮನುಷ್ಯ ಏಕಾಏಕಿ ಬೆಂಚಿಗೆ ಬಂದಾಗ ಊಟ ಬಿಡೋದು, ಕುಡಿಯೋಕೆ ಶುರು ಮಾಡೋದು ಇದೆ, ಅದಕ್ಕೆ ವಾರಕ್ಕೊಮ್ಮೆಯಾದ್ರೂ ಹೋಗಿ ಮಾತಾಡಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ನಂಬರ್ ಅವರ ಮನೆಯವರಿಗೂ ಕೊಟ್ಟಿರಿ ಅಂದೆ.

ಹುಡುಗನಿಗೆ ಇಷ್ಟು ಮ್ಯಾಚ್ ನಿಂದೇ ಅಂತ ಮೊದ್ಲೇ ಹೇಳಿ. ಎನ್‌ಎಚ್‌ಎಲ್‌ನಲ್ಲಿ 18-19ರ ಹುಡುಗ ಹತ್ತು ಮ್ಯಾಚ್‌ಗಿಂತ ಕಮ್ಮಿ ಆಡಿದ್ರೆ ಅವನ ಮೊದಲ ಒಪ್ಪಂದದ ವರ್ಷ ಖರ್ಚಾಗಲ್ಲ, ಅದಕ್ಕೇ ಎಷ್ಟೋ ತಂಡಗಳು ಒಂಬತ್ತು ಮ್ಯಾಚ್ ನೋಡಿ ತೀರ್ಮಾನ ಮಾಡ್ತಾವೆ. ಇವರ ಕಡೆ ಅಂಥ ನಿಯಮ ಇಲ್ಲದಿದ್ರೂ ಪರೀಕ್ಷೆಗೆ ಒಂದು ಗಡಿ ಇರಲಿ. ಒಂದು ತಪ್ಪಿಗೆ ಎಳೆದು ಕೂರಿಸೋದಾದ್ರೆ ಮೈದಾನಕ್ಕೆ ಇಳಿಸೋದೇ ಬೇಡ.

ಕೋಚ್‌ಗೆ: ರಾತ್ರಿ ಹತ್ತರ ಮೇಲೆ ಮ್ಯಾಚ್ ವಿಡಿಯೊ ಬಂದ್, ಅಣ್ಣನ ಫೋನ್ ಬಂದ್ರೆ ಎತ್ತಬೇಕು, ಮಾತಾಡಿ ಮೂರ್ನಾಲ್ಕು ವಾರ ಆದ್ಮೇಲೂ ನಿದ್ದೆ ಬರದಿದ್ರೆ ಸೈಕಿಯಾಟ್ರಿಸ್ಟ್‌ಗೆ ತೋರಿಸಬೇಕು.

ಹೋಗಿ ಹೇಳಿದ್ರು. ಅಣ್ಣ ಬೈದ್ರು, ಗೇಟ್ ತನಕ ಕಳಿಸೋಕೂ ಬರಲಿಲ್ಲವಂತೆ. ಹುಡುಗ ಎರಡನೇ ಮ್ಯಾಚ್‌ನಲ್ಲೇ ಬಾಲ್ ಬಿಟ್ಟು ಗೋಲ್ ಆಯ್ತು, ಇವರು ಅವನನ್ನ ತೆಗೀಲಿಲ್ಲ, ಆ ವಿಷಯ ಫೋನ್‌ನಲ್ಲಿ ಹೇಳುವಾಗ ದನಿಲಿ ಗಟ್ಟಿತನ ಇತ್ತು. ನಿದ್ದೆ ಐದು ತಾಸಿಗೆ ಬಂದಿದೆ. ಅಣ್ಣ ಪ್ರಾಕ್ಟೀಸ್‌ಗೆ ಬರ್ತಿದಾರೆ, ಕೊನೆ ಐದು ನಿಮಿಷಕ್ಕೆ ಇಳೀತಾರೆ, ಕೋಚ್ ಜೊತೆ ಆಟದ ಮಾತು ಬಿಟ್ಟು ಬೇರೆ ಮಾತಿಲ್ಲ. ಮುಂದಿನ ವರ್ಷದ ಒಪ್ಪಂದದ ಬಗ್ಗೆ ಈಗ ಎತ್ತಬೇಡಿ, ಸೀಸನ್ ಮುಗೀಲಿ, ಆಗ ಮತ್ತೆ ಅವರ ಮನೆಗೇ ಹೋಗಿ ಅಂತ ಹೇಳಿದೀನಿ.