ಮುಂದಿನ ಜನ್ಮಕ್ಕೂ ಸರ್ಕಾರದ ಒಪ್ಪಿಗೆ

ಬಸವನಗುಡಿಯ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕರೊಬ್ಬರು ಬರೆದಿದ್ದಾರೆ: ‘ದೇಶದೇಶಗಳ ವ್ಯವಹಾರವೆಲ್ಲ ತೈಲ, ಆಯುಧ, ಸಾಲದ ಲೆಕ್ಕ. ಧರ್ಮ ಬರೀ ಬಣ್ಣ. ನಿಮ್ಮ ಪತ್ರಿಕೆ ಬಣ್ಣವನ್ನೇ ಗೋಡೆ ಎಂದುಕೊಂಡಿದೆ.’

ಮಾತು ಚೆನ್ನಾಗಿದೆ ಮೇಷ್ಟ್ರೇ, ಅದಕ್ಕೇ ಅನುಮಾನ. ತೈಲದ ಲೆಕ್ಕ ಸುಳ್ಳಲ್ಲ. ಧರ್ಮ ಒಂದೇ ಆಗಿದ್ದರೂ ಪಾಕಿಸ್ತಾನ 1971ರಲ್ಲಿ ಎರಡಾಯಿತು ಎಂಬುದನ್ನೂ ಒಪ್ಪುತ್ತೇನೆ. ಅಲ್ಲಿಗೆ ನಿಮ್ಮ ಪಾಲು ಸಂದಿತು.

ಈಗ ಮೈಸೂರು ಜಿಲ್ಲೆಯ ಟಿಬೆಟನ್ ನಿರಾಶ್ರಿತರ ನೆಲೆ ಬೈಲಕುಪ್ಪೆಗೆ ಬನ್ನಿ. ಅಲ್ಲಿನ ಚಹಾ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಮೇಲೆ ಕೆಂಪು ಕೆನ್ನೆಯ ಹುಡುಗನ ಫೋಟೊ ಇತ್ತು. ‘ಮೊಮ್ಮಗನೇ?’ ಎಂದೆ. ಅಂಗಡಿಯ ಟಿಬೆಟನ್ ಅಜ್ಜಿ ಅಚ್ಚ ಕನ್ನಡದಲ್ಲಿ ‘ಅಲ್ಲ, ನಮ್ಮ ಪಂಚೆನ್ ಲಾಮಾ’ ಎಂದರು. ಟಿಬೆಟನ್ ಬೌದ್ಧರಲ್ಲಿ ದಲೈ ಲಾಮಾ ನಂತರದ ಗುರುಪೀಠ ಅದು; ತೀರಿಕೊಂಡ ಲಾಮಾ ಮಗುವಾಗಿ ಮತ್ತೆ ಹುಟ್ಟುತ್ತಾರೆಂಬುದು ಅವರ ನಂಬಿಕೆ. 1995ರ ಮೇ 14ರಂದು ದಲೈ ಲಾಮಾ ಗುರುತಿಸಿದ ಆರು ವರ್ಷದ ಆ ಬಾಲಕನನ್ನು ಮೂರೇ ದಿನದಲ್ಲಿ ಚೀನಾ ಕರೆದೊಯ್ದಿತು. ಅದೇ ವರ್ಷ ತನಗೆ ಬೇಕಾದ ಇನ್ನೊಬ್ಬನನ್ನು ಪೀಠಕ್ಕೆ ಕೂರಿಸಿತು. ಮೊದಲ ಹುಡುಗ ಹೊರಗೆ ಕಾಣಿಸಿಕೊಂಡೇ ಇಲ್ಲ. ಅವನಿಗೆ ಮೂವತ್ತೈದು ದಾಟಿದೆ, ಫೋಟೊಗೆ ಇನ್ನೂ ಆರು.

ದೇವರನ್ನೇ ನಂಬದ ಕಮ್ಯುನಿಸ್ಟ್ ಪಕ್ಷದ ಆ ಚೀನಾ ಸರ್ಕಾರ 2007ರಲ್ಲಿ, ಲಾಮಾಗಳ ಪುನರ್ಜನ್ಮಕ್ಕೆ ತನ್ನ ಒಪ್ಪಿಗೆ ಕಡ್ಡಾಯವೆಂದು ನಿಯಮ ಹೊರಡಿಸಿತು. ಆ ಅಧಿಕಾರ ತಮ್ಮ ಗದೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಎಂದು 2025ರ ಜುಲೈಯಲ್ಲಿ ದಲೈ ಲಾಮಾ ಹೇಳಿದ ಕೂಡಲೇ ಬೀಜಿಂಗ್ ತಳ್ಳಿಹಾಕಿತು. ಬಣ್ಣಕ್ಕೆ ಯಾರಾದರೂ ಇಷ್ಟು ಕಾವಲು ಹಾಕುತ್ತಾರೆಯೇ?

ಯುದ್ಧವನ್ನು ಧರ್ಮ ತಪ್ಪಿಸಿದ್ದೂ ಉಂಟು. 1978ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ತುತ್ತತುದಿಯ ಬೀಗಲ್ ಕಾಲುವೆಯ ಮೂರು ಪುಟ್ಟ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಚಿಲಿ ಕತ್ತಿ ಹಿರಿದು ನಿಂತಿದ್ದವು. ಪೋಪ್ ಎರಡನೇ ಜಾನ್ ಪಾಲ್ ಕಳಿಸಿದ ವೃದ್ಧ ಕಾರ್ಡಿನಲ್ ಆಂಟೋನಿಯೊ ಸಮೋರೆ ಎರಡು ರಾಜಧಾನಿಗಳ ನಡುವೆ ಓಡಾಡಿದರು. ಎರಡೂ ಕಡೆ ಇದ್ದದ್ದು ಸೇನಾಡಳಿತ; ಆದರೂ ಕ್ಯಾಥೊಲಿಕರೇ ಹೆಚ್ಚಿದ್ದ ಆ ದೇಶಗಳಿಗೆ ಪೋಪರ ದೂತನ ಮುಂದೆ ಇಲ್ಲವೆನ್ನಲು ಬಾಯಿ ಬರಲಿಲ್ಲ. 1984ರಲ್ಲಿ ಒಪ್ಪಂದಕ್ಕೆ ಸಹಿ ಬಿದ್ದದ್ದು ವ್ಯಾಟಿಕನ್‌ನಲ್ಲೇ.

ನಿಮ್ಮನ್ನಷ್ಟೇ ಬೈದು ಫಲವಿಲ್ಲ. ಬೈಲಕುಪ್ಪೆ ನಮ್ಮ ಕನ್ನಡ ಪತ್ರಿಕೆಗಳಿಗೆ ನೆನಪಾಗುವುದು ಪ್ರವಾಸದ ಪುಟದಲ್ಲಿ: ಚಿನ್ನದ ಬುದ್ಧ, ಮೊಮೊ, ಸೆಲ್ಫಿ. ವಿದೇಶದ ಪುಟವನ್ನು ರಾತ್ರಿ ಹನ್ನೊಂದಕ್ಕೆ ಏಜೆನ್ಸಿಯ ಸುದ್ದಿ ಕತ್ತರಿಸಿ ತುಂಬಿಸುತ್ತೇವೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವನು. ಜಾಹೀರಾತು ಬಂದರೆ ಮೊದಲು ಹಾರುವುದೂ ಅದೇ ಪುಟ.

ರಜೆಯಲ್ಲಿ ಆ ಅಂಗಡಿಗೆ ಹೋಗಿ, ಫೋಟೊದ ಎದುರು ಕುಳಿತು ಇನ್ನೊಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ. ಬೆಣ್ಣೆ ಚಹಾ ಉಪ್ಪಾಗಿರುತ್ತದೆ, ಮೊದಲೇ ಹೇಳಿದ್ದೇನೆ.